ಕುರ್ಗಾನಿನ ವೈದ್ಯರು

ಎತ್ತರಜಿಗಿತದಲ್ಲಿ ಒಲಿಂಪಿಕ್ ಪದಕ ಗಳಿಸಿದ್ದ ಸೋವಿಯೆಟ್ ರಷ್ಯದ ವಲೇರಿ ಬ್ರೂಮೆಲನ ಕಾಲು 1965ರಲ್ಲಿ ಮೋಟಾರು ಸೈಕಲ್ಲಿನ ಅಪಘಾತದಲ್ಲಿ ಮುರಿದು, ಎಲುಬು ಚರ್ಮವನ್ನು ಸೀಳಿ ಹೊರಬಂದಿತು. ಮಾಸ್ಕೋದ ಶಸ್ತ್ರವೈದ್ಯರು ಹಲವು ಸಲ ಶಸ್ತ್ರಕ್ರಿಯೆ ನಡೆಸಿದರೂ ಅದು ಕೂಡಲಿಲ್ಲ. 1968ರಲ್ಲಿ ಅದನ್ನು ಕೂಡಿಸಿದವರು ದೂರದ ಕುರ್ಗಾನ್ ಪಟ್ಟಣದ ವೈದ್ಯ ಇಲಿಜಾರೋವರು.

ತೆರೆದ ಗಾಯದೊಳಗೆ ಹುದುಗಿಸಿದ ಲೋಹವು ಕೀವಿಗೆ ನೆಲೆಯಾಗಬಲ್ಲದು. ಆದುದರಿಂದ ಗಾಯದ ಮೇಲೂ ಕೆಳಗೂ ಎಲುಬಿನ ಮೂಲಕ ತೆಳುವಾದ ತಂತಿಗಳನ್ನು ತೂರಿಸಿ, ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿದು, ಕಾಲಿನ ಹೊರಗಣ ಲೋಹದ ಬಳೆಗಳಿಗೆ ಕಟ್ಟುವುದೇ ಅವರ ಕ್ರಮ. ಗಾಯವನ್ನು ತೊಳೆಯಲು ಎಡೆಯುಂಟು. ರೋಗಿಯು ಎದ್ದು ನಡೆಯಲೂ ಬಹುದು.

ಈ ಸಾಧನವನ್ನು ಅವರು ರಚಿಸಿದುದು 1951ರಲ್ಲಿ! ಹಳ್ಳಿಯ ಆಸ್ಪತ್ರೆಯಲ್ಲಿ ದುಡಿದು ಬಂದವರ ಮಾತಿಗೆ ರಾಜಧಾನಿಯ ಪಂಡಿತರು ಬಹುಕಾಲ ಕಿವಿಗೊಡಲಿಲ್ಲ. ಹೆಸರಾಂತ ಆಟಗಾರನ ಕಾಲು ಉಳಿದ ಮೇಲಲ್ಲವೇ ಇಲಿಜಾರೋವರ ಕೀರ್ತಿ ದೇಶದಲ್ಲೆಲ್ಲ ಹಬ್ಬಿದುದು? ಅಷ್ಟರೊಳಗೆ ಹೆಸರಿಲ್ಲದ ಕೂಲಿಕಾರರ ಕಾಲುಗಳೆಷ್ಟು ಕತ್ತರಿಸಲ್ಪಟ್ಟವೋ!