ಗಾಳಿಯಂತ್ರಕ್ಕಿಂತ ಮೊದಲು ಬರುವ ರಸ್ತೆ

ಗಾಳಿಯಂತ್ರಕ್ಕೆ ಹೊಗೆಯಿಲ್ಲ, ಬೂದಿಯಿಲ್ಲ. ಕಲ್ಲಿದ್ದಲ ಸ್ಥಾವರಕ್ಕಿಂತ ಅದು ಮೇಲೆಂಬುದರಲ್ಲಿ ಪರಿಸರಾಸಕ್ತರಿಗೂ ತಕರಾರಿಲ್ಲ. ತಕರಾರಿರುವುದು ಅದನ್ನು ನಿಲ್ಲಿಸುವ ಜಾಗದ ಬಗ್ಗೆ; ಅದಕ್ಕೂ ಮಿಗಿಲಾಗಿ, ಅಲ್ಲಿಗೆ ಒಯ್ಯುವ ದಾರಿಯ ಬಗ್ಗೆ.

ಯಂತ್ರದ ಬುಡಕ್ಕೆ ಬೇಕಾದ ನೆಲ ಅಲ್ಪ. ಆದರೆ ಈಗಿನ ದೊಡ್ಡ ಯಂತ್ರಗಳ ಒಂದೊಂದು ರೆಕ್ಕೆ 60 ಮೀಟರಿಗೂ ಉದ್ದ. ಅದನ್ನು ಹೊತ್ತ ವಾಹನ ಘಟ್ಟದ ಹಳೆಯ ತಿರುವುಗಳಲ್ಲಿ ಹೊರಳಲಾರದು. ಹಾಗಾಗಿ ಗುಡ್ಡದ ಮಗ್ಗುಲನ್ನು ಕಡಿದು ಅಗಲ ರಸ್ತೆ ತೆಗೆಯಬೇಕಾಗುತ್ತದೆ. ಕಡಿದ ಮಣ್ಣುಕಲ್ಲುಗಳನ್ನು ಇಳಿಜಾರಿಗೆ ತಳ್ಳಿದರೆ, ಮುಂಗಾರಿನ ಜಡಿಮಳೆಗೆ ಅವು ಹಳ್ಳಕ್ಕೂ ಹಳ್ಳದಿಂದ ಗದ್ದೆಗೂ ಇಳಿಯುತ್ತವೆ. ಮಹಾರಾಷ್ಟ್ರದ ಭೀಮಾಶಂಕರ ಅಭಯಾರಣ್ಯದ ಸಮೀಪದ ಪವನ ವಿದ್ಯುತ್ ಯೋಜನೆಯಲ್ಲಿ ಹೀಗೆಯೇ ಆಯಿತೆಂದು, ಕಲ್ಲುಮಣ್ಣು ಕೃಷಿಭೂಮಿಗೂ ಕೃಷ್ಣೆಯ ಉಪನದಿಗಳ ಜಲಾಶಯಗಳಿಗೂ ಸೇರಿತೆಂದು, ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ವರದಿಯಲ್ಲಿ ದಾಖಲಿಸಿತು.

ಘಟ್ಟದ ನೆತ್ತಿಯ ಹುಲ್ಲುಗಾವಲು ಕಡತಗಳಲ್ಲಿ ಬಹುತೇಕ ಖರಾಬು, ಇಲ್ಲವೇ ಬಂಜರು. ಆ ಹೆಸರೇ ಅರ್ಧ ಅನರ್ಥಕ್ಕೆ ಮೂಲ. ಅಲ್ಲಿನ ತೆಳುಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಅದು ಇಂಗಿಸಿದ ಮಳೆಯೇ ಬೇಸಿಗೆಯಲ್ಲಿ ಕೆಳಗಿನ ಮನೆಗಳಿಗೆ ಅಬ್ಬಿನೀರು. ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಯಂತ್ರಗಳಿರುವೆಡೆ ಬೇಟೆಹಕ್ಕಿಗಳು ಯಂತ್ರಗಳಿಲ್ಲದೆಡೆಗಿಂತ ಸುಮಾರು ನಾಲ್ಕು ಪಟ್ಟು ವಿರಳವಾಗಿದ್ದವು. ಅವು ತಿನ್ನುವ ಓತಿಗಳು ಹೆಚ್ಚಿದ್ದವು, ಅವುಗಳ ಅಂಜಿಕೆಯೂ ಕಡಿಮೆಯಾಗಿತ್ತು. ಹದ್ದಿನ ಬಾಯಿಂದ ಪಾರಾದ ಓತಿಯ ಸುಖವೆಂದು ನಗಬಹುದು; ಆದರೆ ಅಲ್ಲಿ ಕದಲಿದ್ದು ಒಂದು ಬೆಟ್ಟದ ಇಡೀ ಆಹಾರ ಸರಪಳಿ.

ಇಷ್ಟಿದ್ದರೂ 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಸೂಚಿಯಲ್ಲಿ ಪವನ ವಿದ್ಯುತ್ತಿಗೆ ಸ್ಥಾನವಿಲ್ಲ. ಅರಣ್ಯಭೂಮಿಯಾದರೆ ಬೇರೆ ಅನುಮತಿ ಬೇಕು, ನಿಜ. ಗೋಮಾಳವೋ ಖರಾಬೋ ಆದರೆ ಆ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ಈ ವಿನಾಯಿತಿ ಘಟ್ಟಪ್ರದೇಶದ ಮಟ್ಟಿಗಾದರೂ ತೊಲಗಬೇಕು. ರಸ್ತೆ ಈಗಾಗಲೇ ಇರುವ ಬಯಲುಸೀಮೆಯ ಒಣ ಹೊಲಗಳಲ್ಲಿ ರೈತನಿಗೆ ನ್ಯಾಯವಾದ ಬಾಡಿಗೆ ಕೊಟ್ಟು ಯಂತ್ರ ನಿಲ್ಲಿಸಲು ಅಡ್ಡಿಯೇನು?

ಯೋಜನೆಗೆ ಮುನ್ನ ಗುಡ್ಡದ ಮೇಲೆ ಗಾಳಿಯ ವೇಗ ಅಳೆಯುವ ತೆಳ್ಳನೆಯ ಕಂಬವೊಂದು ಏಳುತ್ತದೆ. ಅಳತೆಗೆ ಸಾಮಾನ್ಯವಾಗಿ ವರ್ಷವಾದರೂ ಹಿಡಿಯುತ್ತದೆ. ಆ ಅವಧಿಯಲ್ಲೇ ಗ್ರಾಮಸಭೆ ರಸ್ತೆಯ ನಕ್ಷೆಯನ್ನು ಕೇಳಿ ಪಡೆಯಬೇಕು. ಗುಡ್ಡದ ಅಬ್ಬಿಗಳು, ಹದ್ದಿನ ಗೂಡುಗಳು, ದನ ಮೇಯುವ ಜಾಗಗಳು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಬೇಕು. ಊರಿನ ಕಾಲೇಜು ವಿದ್ಯಾರ್ಥಿಗಳು ನಾಲ್ಕು ಭಾನುವಾರ ಗುಡ್ಡ ಹತ್ತಿದರೆ ಈ ಕೆಲಸ ಆರಂಭವಾಗುತ್ತದೆ.