ಯಾರನ್ನು ನೋಡಿ ನಗೋಣ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂಸದೆಯಾಗಿ 1999ರಲ್ಲಿ ದಿಲ್ಲಿಗೆ ಹೋಗಿದ್ದ ಮಾರ್ಗರೆಟ್ ಆಳ್ವಾ, 2022ರಲ್ಲಿ ತಮ್ಮ 80ರ ವಯಸ್ಸಿನಲ್ಲಿ ವಿರೋಧ ಪಕ್ಷಗಳ ಉಪರಾಷ್ಟ್ರಪತಿ ಅಭ್ಯರ್ಥಿಯಾದರು. ಗೆಲ್ಲಲಾರದವರನ್ನು ಕಂಡು ನಗುವುದು ಸುಲಭ. ಆದರೆ ಅಂದು ಚಟಾಕಿ ಹಾರಿಸಿದ್ದು ಅವರೇ: ನನ್ನ ಫೋನ್ ಸರಿಮಾಡಿಕೊಟ್ಟರೆ ಈ ರಾತ್ರಿ ಬಿಜೆಪಿ ಸಂಸದರಿಗೆ ಕರೆ ಮಾಡುವುದಿಲ್ಲ!

ಆಗಸ್ಟ್ 6ರ ಫಲಿತಾಂಶ: ಧನಕರ್ 528, ಆಳ್ವಾ 182, ಅಸಿಂಧು 15. ಇದ್ದವರು ಇಬ್ಬರೇ ಅಭ್ಯರ್ಥಿಗಳು, ಮತದಾರರೆಲ್ಲ ಸಂಸದರು. ಹೆಬ್ಬೆಟ್ಟೊತ್ತುವ ನಮ್ಮೂರ ಅಜ್ಜಿ ಸರಿಯಾಗಿ ಮತ ಹಾಕಿ ಬರುತ್ತಾಳೆ. ಕಾನೂನು ಮಾಡುವ 15 ಮಂದಿಗೆ ಅದೂ ಬಾರದೇ? ನಗುವುದಾದರೆ ಅವರನ್ನು ನೋಡಿ ನಗೋಣ.

ಸೋಲು ಖಚಿತವೆಂದು ಗೊತ್ತಿದ್ದೂ ನಿಲ್ಲುವವರು ನಮಗೆ ಬೇಕು. ಅವರಿಲ್ಲದಿದ್ದರೆ ಅದು ಚುನಾವಣೆಯಲ್ಲ, ಬರೀ ನೇಮಕ.