ತೆರೆದ ಬಾಗಿಲಿನ ಉಗ್ರಾಣ

ಬಾಗಿಲು ತೆರೆದಿದೆಯೆಂದು ಅನ್ಯರ ಉಗ್ರಾಣವನ್ನು ಹೊಗುವವರನ್ನು ನಾವು ಸಜ್ಜನರೆನ್ನುವುದಿಲ್ಲ. ಅಂತರಜಾಲದಲ್ಲಾದರೋ ಅಂತಹ ಉಗ್ರಾಣಗಳು ಅನೇಕ, ಹೊಗುವವರೂ ಅನೇಕರು.

ಜಾಲತಾಣದ ಫೋಲ್ಡರೊಂದರಲ್ಲಿ ಮುಖಪುಟವನ್ನಿಡಲು ಒಡೆಯನು ಮರೆತನೆನ್ನಿ. 1995ರಿಂದ ಬಳಕೆಯಲ್ಲಿರುವ ಅಪಾಚೆಯಂತಹ ಸರ್ವರ್ ತಂತ್ರಾಂಶವು, ಬೇಡವೆಂದು ಮೊದಲೇ ವಿಧಿಸಿರದಿದ್ದರೆ, ಒಳಗಿರುವ ಕಡತಗಳನ್ನೆಲ್ಲ ಪಟ್ಟಿ ಮಾಡಿ ಬಂದವರ ಮುಂದಿಡಬಲ್ಲದು. ಗೂಗಲ್ ಮೊದಲಾದ ಶೋಧಯಂತ್ರಗಳ ಕಣ್ಣಿಗೆ ಬಿದ್ದರಂತೂ ಆ ಪಟ್ಟಿ ಲೋಕಕ್ಕೇ ಬಹಿರಂಗ.

ನಮ್ಮ ನೆರೆಯವರ ಮಗಳ ಮದುವೆಯ ವಿಡಿಯೋಗಳು ಹೀಗೆಯೇ ಅಪರಿಚಿತರ ಪಾಲಾದುವು. ಛಾಯಾಗ್ರಾಹಕರಲ್ಲಿ ದುರುದ್ದೇಶವಿರಲಿಲ್ಲ, ಅಗಣಿ ಹಾಕಲು ಮರೆತಿದ್ದರು, ಅಷ್ಟೆ. ಪಟ್ಟಿಯನ್ನು ಮರೆಮಾಡುವ ಒಂದು ಸಾಲಿನ ಆಜ್ಞೆ, ಜೊತೆಗೊಂದು ಪಾಸ್‌ವರ್ಡ್ ಇದ್ದಿದ್ದರೆ ಆ ತಾಯಿಯ ಕಣ್ಣೀರು ತಪ್ಪುತ್ತಿತ್ತು.

ಕೊಂಡೊಯ್ಯುವವನಿಗೂ ಕ್ಷೇಮವಿಲ್ಲ. ಕಡತದ ಹೆಸರಿನಲ್ಲಿ ‘.ಎಂಪಿ4’ ಎಂಬುದರ ಹಿಂದೆಯೇ ‘.ಇಎಕ್ಸ್‌ಇ’ ಎಂಬ ಬಾಲವಿದ್ದರೆ ಅದು ಚಲನಚಿತ್ರವಲ್ಲ; ತೆರೆದೊಡನೆ ತನ್ನ ಕೆಲಸಕ್ಕೆ ತೊಡಗುವ ತಂತ್ರಾಂಶ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಈ ಬಾಲವು ಕಾಣಿಸುವುದೇ ಇಲ್ಲ! ಪುಕ್ಕಟೆ ಚಿತ್ರದ ಆಸೆಗೆ ಮನೆಯ ಲೆಕ್ಕಪತ್ರ, ಬ್ಯಾಂಕಿನ ಗುಟ್ಟುಗಳೆಲ್ಲ ಕಳ್ಳನ ಕೈಸೇರಬಹುದು. ಮೇಲಾಗಿ, ಅನುಮತಿಯಿಲ್ಲದೆ ಚಿತ್ರದ ಪ್ರತಿಯನ್ನು ಹಂಚುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧ.

ಆದುದರಿಂದ ವಾಚಕರಲ್ಲಿ ನಮ್ಮದೆರಡು ವಿನಂತಿ. ಮುಂದಿನ ಮದುವೆಗೆ ಛಾಯಾಗ್ರಾಹಕರನ್ನು ಗೊತ್ತುಮಾಡುವಾಗ, ಅವರ ದರವನ್ನು ಕೇಳುವುದರೊಡನೆ ಅಗಣಿಯ ವಿಚಾರವನ್ನೂ ಕೇಳಿರಿ. ತೆರೆದ ಬಾಗಿಲೆಲ್ಲವೂ ಆಮಂತ್ರಣವಲ್ಲವೆಂದು ಮಕ್ಕಳಿಗೆ ಇಂದೇ ತಿಳಿಯಹೇಳಿರಿ.